ಬೋರ್ಡ್ ಹಾಕಿದ್ದೇವೆ, ಇನ್ನು ನೀವು ಬೀಳಬಹುದು

ಮೆಟ್ಟಿಲಿನ ಹಿಡಿಕಂಬಿ ಅಲ್ಲಾಡುತ್ತಿದ್ದರೆ ವೆಲ್ಡಿಂಗ್ ಮಾಡಿಸುವುದು ದಡ್ಡರ ಕೆಲಸ. ಬುದ್ಧಿವಂತ ಮಾಲೀಕರು ಪೇಂಟರನ್ನು ಕರೆಸಿ ‘ಬಿದ್ದು ಗಾಯವಾದರೆ ಆಡಳಿತ ಮಂಡಳಿ ಜವಾಬ್ದಾರಿಯಲ್ಲ’ ಎಂದು ಬರೆಸುತ್ತಾರೆ. ಆ ಬೋರ್ಡನ್ನೂ ಮೆಟ್ಟಿಲ ಬಳಿ ಹಾಕುವುದಿಲ್ಲ. ಹಣ ಕಟ್ಟುವ ಕೌಂಟರಿನ ಹಿಂದೆ ತೂಗುಹಾಕುತ್ತಾರೆ. ಬಿದ್ದವರು ಕುಂಟುತ್ತ ಬಂದು ಓದಿಕೊಳ್ಳಲಿ ಅಂತ.

ಈ ಗೋಡೆಬರಹಕ್ಕೆ ಕೋರ್ಟ್ ಮಾತ್ರ ಮರುಳಾಗುವುದಿಲ್ಲ. ಜಾಗ ಯಾರ ಹಿಡಿತದಲ್ಲಿತ್ತು, ಅಪಾಯ ಅವರಿಗೆ ಗೊತ್ತಿತ್ತೇ, ಸರಿಪಡಿಸಲು ಏನು ಮಾಡಿದರು ಎಂದು ಕೇಳುತ್ತದೆ. ಬೋರ್ಡ್ ಹಾಕಿದ ಪುಣ್ಯಾತ್ಮರು ಎರಡನೆಯದಕ್ಕೆ ತಾವೇ ಸಾಕ್ಷಿ ಬರೆದು ನೇತುಹಾಕಿರುತ್ತಾರೆ! ಜಾಗ ಹಿಡಿತದಲ್ಲಿರುವವರ ಹೊಣೆಯ ಬಗ್ಗೆ ಇಂಗ್ಲೆಂಡಿನ 1957ರ ಕಾಯ್ದೆಯ ಪ್ರಕಾರ, ಬಂದವರು ಸುರಕ್ಷಿತವಾಗಿರಲು ಸಾಕಾಗುವಂತಿದ್ದರೆ ಮಾತ್ರ ಎಚ್ಚರಿಕೆಗೆ ಬೆಲೆ. ಒಳಗೆ ಹೋಗಲು ಇರುವ ಒಂದೇ ದಾರಿಯಲ್ಲಿ ಸೋಪಿನ ನೀರು ನಿಂತಿದ್ದರೆ ‘ಜಾರುತ್ತದೆ’ ಎಂಬ ಹಳದಿ ಫಲಕ ಇಟ್ಟು ಏನು ಪ್ರಯೋಜನ? ಹಾರಿಕೊಂಡು ಹೋಗಬೇಕೇ?

‘ನೋಡಲು ಗಟ್ಟಿಯಾಗಿಯೇ ಇತ್ತು ಸ್ವಾಮಿ’ ಎನ್ನುವುದು ಇನ್ನೊಂದು ರಾಗ. ದೆಹಲಿಯ ಚಾಂದನಿ ಚೌಕದಲ್ಲಿ ಗಡಿಯಾರ ಗೋಪುರ ಕುಸಿದು ಜನ ಸತ್ತಾಗ ಪಾಲಿಕೆ ಇದನ್ನೇ ಹಾಡಿತ್ತು. ಗೋಪುರಕ್ಕೆ 80 ವರ್ಷ. ಅದಕ್ಕೆ ಬಳಸಿದ ಗಾರೆಯ ಆಯಸ್ಸು 40-45. ಹೊರಗಿನಿಂದ ಕಣ್ಣಾಡಿಸಿದರೆ ಸಾಲದು, ಕಾಣದ ದೋಷವನ್ನು ಹುಡುಕುವುದೂ ಮಾಲೀಕನ ಕೆಲಸ ಎಂದು ಸುಪ್ರೀಂ ಕೋರ್ಟ್ 1966ರಲ್ಲಿ ಪಾಲಿಕೆಯನ್ನೇ ಹೊಣೆ ಮಾಡಿತು.

ರಿಜಿಸ್ಟರಿನ ಮಹಿಮೆಯೇ ಬೇರೆ. ಶೌಚಾಲಯದ ಬಾಗಿಲ ಹಿಂದಿನ ಹಾಳೆಯಲ್ಲಿ ಸಂಜೆ ಆರರ ಸ್ವಚ್ಛತೆಗೆ ಬೆಳಗ್ಗೆ ಹತ್ತಕ್ಕೇ ಸಹಿ ಬಿದ್ದಿರುತ್ತದೆ, ಅದೂ ಒಂದೇ ಪೆನ್ನಿನಲ್ಲಿ. ಇಂಗ್ಲೆಂಡಿನ ಸೂಪರ್‌ಮಾರ್ಕೆಟ್ ಒಂದರಲ್ಲಿ ಗ್ರಾಹಕಿಯೊಬ್ಬರು ಚೆಲ್ಲಿದ ಮೊಸರಿನ ಮೇಲೆ ಜಾರಿಬಿದ್ದರು. ದಿನಕ್ಕೆ ಐದಾರು ಸಲ ಗುಡಿಸುತ್ತೇವೆ ಎಂದಿತು ಅಂಗಡಿ. ಮೂರು ವಾರದ ನಂತರ ಅದೇ ಗ್ರಾಹಕಿ ಅಲ್ಲೇ ಹಣ್ಣಿನ ರಸ ಚೆಲ್ಲಿದ್ದನ್ನು ಕಂಡು ಕಾಲು ಗಂಟೆ ನಿಂತು ನೋಡಿದರು. ಒರೆಸಲು ಒಬ್ಬರೂ ಬರಲಿಲ್ಲ. 1976ರಲ್ಲಿ ಅಂಗಡಿ ಕೋರ್ಟಿನಲ್ಲಿ ಸೋತಿತು.

ಆದ್ದರಿಂದ ಬಿದ್ದವರು ಮೊದಲು ನೆಲದ ಫೋಟೊ ತೆಗೆಯಿರಿ. ಒರೆಸುವ ಬಟ್ಟೆ ಕಾಣಿಸಿಕೊಳ್ಳುವುದೇ ಅಪಘಾತದ ನಂತರ. ನೋಡಿದವರ ನಂಬರ್ ಪಡೆಯಿರಿ, ಆಸ್ಪತ್ರೆ ಚೀಟಿ ಇಟ್ಟುಕೊಳ್ಳಿ, ದೂರಿನ ನಕಲಿಗೆ ಸೀಲು ಹಾಕಿಸಿಕೊಳ್ಳಿ. ಮೊಬೈಲ್ ನೋಡುತ್ತ ನಡೆದಿದ್ದರೆ ಪರಿಹಾರದಲ್ಲಿ ನಿಮ್ಮ ಪಾಲಿನ ತಪ್ಪಿಗೂ ಕಡಿತ ಉಂಟು. ಸಿಸಿಟಿವಿ ದೃಶ್ಯವನ್ನು ಅಂದೇ ಬರವಣಿಗೆಯಲ್ಲಿ ಕೇಳಿ. ಹಳೆಯದರ ಮೇಲೆ ಹೊಸದು ಕೂರುತ್ತಲೇ ಇರುತ್ತದೆ. ಕ್ಯಾಮೆರಾ ಕೆಟ್ಟಿತ್ತು ಎಂದರೆ ಅದನ್ನೂ ಬರೆದುಕೊಡಲು ಹೇಳಿ.