ಹಳೇ ಪಿಸಿಗೆ ಗ್ರಾಫಿಕ್ಸ್ ಕಾರ್ಡು ಹುಡುಕೋ ಗೋಳು
ಸಾಕಪ್ಪಾ ಸಾಕು! ಅಗ್ಗ ಅಂತ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ನೋಡಿದರೆ, ಅದಕ್ಕಿರೋದೇ 4 ಪಿಸಿಐಇ ಲೇನು (ಮದರ್‌ಬೋರ್ಡಿನ ಜೊತೆ ಡೇಟಾ ಸಾಗೋ ದಾರಿ). ಪಿಸಿಐಇ 3.0 ಇರೋ ಹಳೇ ಬೋರ್ಡಿಗೆ ಹಾಕಿದರೆ ಬ್ಯಾಂಡ್‌ವಿಡ್ತ್ (ಡೇಟಾ ಸಾಗೋ ವೇಗ) ಅರ್ಧಕ್ಕರ್ಧ ಖೋತಾ. 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆಟ ತಡವರಿಸುತ್ತೆ. ಅಗ್ಗದ ಕಾರ್ಡು ಬೇಕಾದವರ ಹತ್ತಿರ ಇರೋದೇ ಹಳೇ ಬೋರ್ಡು, ಅದರಲ್ಲೇ ಸೋತರೆ ಯಾರಿಗಾಗಿ ಮಾಡಿದ್ದು ಇದನ್ನ? ಡಬ್ಬದ ಮೇಲೆ ಲೇನಿನ ಸಂಖ್ಯೆ ದಪ್ಪಕ್ಷರದಲ್ಲಿ ಹಾಕೋಕೇನು ಕಷ್ಟ?

ಇಂಟೆಲ್‌ನ ಆರ್ಕ್ ಬಿ580ರಲ್ಲಿ 12 ಜಿಬಿ ಮೆಮೊರಿ ಇದೆ, ಆದರೆ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನ ಸಿಪಿಯು ಒಟ್ಟಿಗೇ ಬಳಸೋ ಸೌಲಭ್ಯ) ಇಲ್ಲದ ಬೋರ್ಡಲ್ಲಿ ಏದುಸಿರು ಬಿಡುತ್ತೆ. ಆರ್‌ಎಕ್ಸ್ 6600ಕ್ಕೆ 132 ವ್ಯಾಟ್ ಸಾಕು, ಸರಿ. ಅದಕ್ಕೆ ಕರೆಂಟು ಕೊಡೋ 8 ಪಿನ್ನಿನ ವೈರು? ಕ್ಯಾಬಿನೆಟ್ ಜೊತೆ ಬಂದ ಅಗ್ಗದ ಪವರ್ ಸಪ್ಲೈ ಅಂದರೆ ಎಸ್‌ಎಂಪಿಎಸ್‌ನಲ್ಲಿ ಸಾಮಾನ್ಯವಾಗಿ ಅದೇ ಇರಲ್ಲ. ಅಂಗಡಿಯವರು ಮೋಲೆಕ್ಸ್ (ಹಳೇ 4 ಪಿನ್ನಿನ ಪವರ್ ಪ್ಲಗ್ಗು) ಅಡಾಪ್ಟರು ಕೈಗಿಡ್ತಾರೆ. ಲೋಡ್ ಬಿದ್ದಾಗ ಬಿಸಿಯಾಗಿ ಪ್ಲಾಸ್ಟಿಕ್ಕೇ ಕರಗಿದರೆ ಯಾರು ಹೊಣೆ? ಮೂರು ಫ್ಯಾನಿನ ಕಾರ್ಡಾದರೆ ಹಾರ್ಡ್‌ಡಿಸ್ಕ್ ಕೇಜಿಗೆ ಡಿಕ್ಕಿ. ಎಲ್ಲ ದಾಟಿ ಕೂರಿಸಿದರೂ 4 ಕೋರಿನ ಹಳೇ ಸಿಪಿಯು ಆ ಕಾರ್ಡಿಗೆ ಸರಿಯಾಗಿ ಕೆಲಸವನ್ನೇ ಕೊಡಲ್ಲ!