ನನ್ನ ಹೆಸರಿಗೆ ಬಾಲ ಇಲ್ಲ, ಬೇಕಾಗಿಯೂ ಇಲ್ಲ

ನನಗೆ ಸರ್‌ನೇಮ್ ಇಲ್ಲ. ನಮ್ಮಪ್ಪನಿಗೂ ಇರಲಿಲ್ಲ, ಅವರಪ್ಪನಿಗೂ ಇರಲಿಲ್ಲ. ಊರಿನ ಹೆಸರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ನನ್ನ ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹಾಗಿದೆ, ವೋಟರ್ ಲಿಸ್ಟಿನಲ್ಲಿ ಹಾಗಿದೆ, ಮದುವೆಯ ಲಗ್ನಪತ್ರಿಕೆಯಲ್ಲೂ ಹಾಗೇ ಇತ್ತು. ಹಾಸನ, ಮಂಡ್ಯ, ಮೈಸೂರು, ತುಮಕೂರು, ಕೋಲಾರದ ಕಡೆ ಲಕ್ಷಾಂತರ ಜನ ಇದೇ ರೀತಿ ಹೆಸರಿಟ್ಟುಕೊಂಡು ಬದುಕಿದ್ದಾರೆ, ಆಸ್ತಿ ಮಾಡಿದ್ದಾರೆ, ಮಕ್ಕಳನ್ನ ಓದಿಸಿದ್ದಾರೆ, ಯಾರಿಗೂ ಏನೂ ತೊಂದರೆ ಆಗಿರಲಿಲ್ಲ. ಈಗ ಒಂದು ಆನ್‌ಲೈನ್ ಅರ್ಜಿ ತುಂಬೋಕೆ ಕೂತರೆ ನಾವು ಯಾರೂ ಮನುಷ್ಯರೇ ಅಲ್ಲ.

ಫಸ್ಟ್ ನೇಮ್, ಮಿಡಲ್ ನೇಮ್, ಲಾಸ್ಟ್ ನೇಮ್. ಮೂರು ಡಬ್ಬಿ. ಲಾಸ್ಟ್ ನೇಮ್ ಪಕ್ಕ ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲ್ಲ. ಇನಿಶಿಯಲ್ ಒಂದಕ್ಷರ ಹಾಕಿದರೆ "ಕನಿಷ್ಠ ಎರಡು ಅಕ್ಷರ ಇರಬೇಕು". ಸರಿ ಅಂತ ಎರಡೂ ಇನಿಶಿಯಲ್ ಹಾಕಿ ನಡುವೆ ಚುಕ್ಕಿ ಇಟ್ಟರೆ "ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ". ಚುಕ್ಕಿ ತೆಗೆದು ಜಾಗ ಬಿಟ್ಟರೆ ಜಾಗವೂ ಬೇಡವಂತೆ. ಇನಿಶಿಯಲ್ ಬಿಡಿಸಿ ಪೂರ್ತಿ ಬರೆದರೆ "ಆಧಾರ್ ಜೊತೆ ಹೆಸರು ಹೊಂದಿಕೆಯಾಗುತ್ತಿಲ್ಲ". ಇಷ್ಟನ್ನೂ ಒಂದೇ ಸಲ ಹೇಳಲ್ಲ, ಒಂದೊಂದಾಗಿ ಹೇಳುತ್ತೆ, ಅದೂ ಸಬ್‌ಮಿಟ್ ಒತ್ತಿದ ಮೇಲೆ. ಪ್ರತಿ ಸಲವೂ ಹೊಸ ಕ್ಯಾಪ್ಚಾ. ಪ್ರತಿ ಸಲವೂ ಅಪ್‌ಲೋಡ್ ಮಾಡಿದ ಫೋಟೋ ಮಾಯ, ಸಹಿ ಮಾಯ. ಅಷ್ಟರಲ್ಲಿ ಓಟಿಪಿ ಅವಧಿ ಮುಗಿದಿರುತ್ತೆ, ಸೆಷನ್ ಎಕ್ಸ್‌ಪೈರ್ ಆಗಿರುತ್ತೆ, ಮೊದಲಿಂದ ಶುರು ಮಾಡಿ.

ಈ ಮೂರು ಡಬ್ಬಿ ಮಾಡಿದವರಿಗೆ ನಮ್ಮ ನಾಡಿನ ಹೆಸರುಗಳ ಬಗ್ಗೆ ಒಂದು ಗಂಟೆ ಯೋಚನೆ ಮಾಡೋ ವ್ಯವಧಾನ ಇರಲಿಲ್ಲವಾ? ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಇದನ್ನ ಆ ಡಬ್ಬಿಗಳಲ್ಲಿ ಸಾಲಾಗಿ ತುಂಬಿ ನೋಡಿ. ಕುವೆಂಪು ಅವರ ಫಸ್ಟ್ ನೇಮ್ ಕುಪ್ಪಳಿ, ಡಿವಿಜಿ ಅವರ ಫಸ್ಟ್ ನೇಮ್ ದೇವನಹಳ್ಳಿ ಆಗಿಹೋಗುತ್ತೆ. ಇಡೀ ನಾಡು ಕರೆದ ಹೆಸರು ಲಾಸ್ಟ್ ನೇಮ್ ಆಗಿ ಮೂಲೆ ಸೇರುತ್ತೆ. ಕೊಡಗಿನಲ್ಲಿ ಮನೆತನದ ಹೆಸರು ಮೊದಲು ಬರುತ್ತೆ: ಕೊಡಂದೇರ ಮಾದಪ್ಪ ಕಾರ್ಯಪ್ಪ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ತನ್ನ ಹೆಸರು, ಅಪ್ಪನ ಹೆಸರು, ಕೊನೆಗೆ ಪಾಟೀಲ, ಕುಲಕರ್ಣಿ, ದೇಸಾಯಿ. ಅವರಿಗೆ ಮಾತ್ರ ಈ ಫಾರ್ಮು ಸರಿಹೋಗುತ್ತೆ. ಒಂದೇ ರಾಜ್ಯದೊಳಗೆ ಇಷ್ಟು ಬಗೆ ಇದೆ. ತಮಿಳುನಾಡು, ಕೇರಳದ್ದು ಸೇರಿಸಿದರೆ ಇನ್ನೂ ಎಷ್ಟೋ. ಅವರೆಲ್ಲರಿಗೂ ಒಂದೇ ಅಳತೆಯ ಚಪ್ಪಲಿ ಕೊಟ್ಟು, ಹಿಡಿಸದಿದ್ದರೆ ಕಾಲು ಕೊಯ್ದುಕೊಂಡು ಬಾ ಅಂತಿದ್ದಾರೆ.

ನನಗೆ ಆಗಿದ್ದು ಹೇಳ್ತೀನಿ. ಒಂದು ಬ್ಯಾಂಕಿನ ದಾಖಲೆಯಲ್ಲಿ ನನ್ನ ಇನಿಶಿಯಲ್ ಬಿಡಿಸಿ ಬರೆದಾಗ ಅಪ್ಪನ ಹೆಸರು ಫಸ್ಟ್ ನೇಮ್ ಜಾಗಕ್ಕೆ ಹೋಗಿ ಕೂತಿತು. ಅವತ್ತಿಂದ ಆ ಬ್ಯಾಂಕಿನ ಪ್ರತಿ ಮೆಸೇಜೂ "ಡಿಯರ್" ಅಂತ ಹೇಳಿ ಅಪ್ಪನ ಹೆಸರಿಂದ ಶುರುವಾಗುತ್ತೆ. ಅಪ್ಪ ತೀರಿಕೊಂಡರು. ಮೆಸೇಜು ನಿಲ್ಲಲಿಲ್ಲ. ನನ್ನ ಹುಟ್ಟುಹಬ್ಬದ ದಿನ ಅವರ ಹೆಸರಿಗೆ ಶುಭಾಶಯ ಬಂತು. ತಿದ್ದಿಸೋಕೆ ಬರೆದರೆ ಉತ್ತರ ಏನು ಗೊತ್ತಾ? "ನಿಮ್ಮ ಪ್ಯಾನ್ ದಾಖಲೆಯ ಪ್ರಕಾರ ಇದು ಸರಿಯಾಗಿದೆ." ಸತ್ತ ಅಪ್ಪನ ಹೆಸರಲ್ಲಿ ಮಗನಿಗೆ ಸಾಲದ ಆಫರ್ ಕಳಿಸೋದು ಅವರ ಪ್ರಕಾರ ಸರಿಯಾಗಿದೆ.

ಪ್ಯಾನ್ ವಿಷಯಕ್ಕೇ ಬರೋಣ. ಅರ್ಜಿ ನಮೂನೆಯಲ್ಲೇ ಇನಿಶಿಯಲ್ ಹಾಕುವ ಹಾಗಿಲ್ಲ ಅಂತ ಬರೆದಿತ್ತು, ಬಿಡಿಸಿಯೇ ಬರೆಯಬೇಕು. ಒಂದೇ ಹೆಸರಿದ್ದವರು ಅದನ್ನ ಲಾಸ್ಟ್ ನೇಮ್ ಜಾಗದಲ್ಲಿ ಬರೆಯಬೇಕಿತ್ತು. ಆದರೆ ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಇದೆ. ಆಧಾರ್ ಮಾಡಿಸುವಾಗ ಸೆಂಟರಿನ ಹುಡುಗ ತನಗೆ ತೋಚಿದ ಹಾಗೆ ಟೈಪ್ ಮಾಡಿದ್ದಾನೆ, ಅದರ ಕೆಳಗಿನ ಕನ್ನಡವನ್ನ ಯಂತ್ರ ತನಗೆ ತೋಚಿದ ಹಾಗೆ ಬರೆದಿದೆ. ಹೀಗೆ ಒಬ್ಬನೇ ಮನುಷ್ಯನಿಗೆ ಸರ್ಕಾರವೇ ಬೇರೆ ಬೇರೆ ಹೆಸರು ಕೊಟ್ಟಿತು. ಆಮೇಲೆ ಅದೇ ಸರ್ಕಾರ "ಪ್ಯಾನ್, ಆಧಾರ್ ಎರಡನ್ನೂ ಲಿಂಕ್ ಮಾಡು, ಹೆಸರು ಒಂದೇ ಇರಬೇಕು" ಅಂತು. 2023ರ ಜೂನ್ 30 ಕೊನೆಯ ದಿನ, ತಡವಾಗಿದ್ದಕ್ಕೆ ಸಾವಿರ ರೂಪಾಯಿ ಶುಲ್ಕ. ಲಿಂಕ್ ಆಗದ ಪ್ಯಾನ್ ಜುಲೈ 1ರಿಂದ ನಿಷ್ಕ್ರಿಯ. ಹೆಸರು ತಾಳೆಯಾಗದೆ ಒದ್ದಾಡಿದವರಲ್ಲಿ ತಪ್ಪು ಮಾಡಿದವರು ಎಷ್ಟು ಜನ? ಸರ್ಕಾರದ ಒಂದು ಕಚೇರಿ ಹೇಳಿದ ಹಾಗೆ ಬರೆದುಕೊಟ್ಟವರು, ಇನ್ನೊಂದು ಕಚೇರಿ ಹೇಳಿದ ಹಾಗೆ ಬರೆದುಕೊಟ್ಟವರು. ದಂಡ ಮಾತ್ರ ಅವರದೇ ಜೇಬಿಂದ. ಆಧಾರ್‌ನಲ್ಲಿ ಹೆಸರು ತಿದ್ದಿಸೋಕೂ ಜೀವಮಾನದಲ್ಲಿ ಎರಡೇ ಅವಕಾಶ. ಆಪರೇಟರ್ ಮಾಡಿದ ಕಾಗುಣಿತದ ತಪ್ಪು ತಿದ್ದಿಸೋಕೆ ಒಂದು ಖರ್ಚಾಯಿತು ಅಂದರೆ ಉಳಿದಿದ್ದು ಒಂದು.

ರೈತರ ಪಾಡು ಇದಕ್ಕಿಂತ ಕಷ್ಟ. ಪಹಣಿಯಲ್ಲಿ ಹೆಸರು ಕನ್ನಡದಲ್ಲಿರುತ್ತೆ, ಸಿದ್ದಪ್ಪ ಬಿನ್ ಇಂಥವರು, ಲಕ್ಷ್ಮಮ್ಮ ಕೋಂ ಇಂಥವರು ಅಂತ. ಅದನ್ನೇ ಇಂಗ್ಲಿಷಿನಲ್ಲಿ ಬರೆಯುವಾಗ ಸಿದ್ದಪ್ಪನಿಗೆ ಡಿ ಒಂದಾ ಎರಡಾ, ಡಿ ಆದಮೇಲೆ ಎಚ್ ಇದೆಯಾ, ಪಿ ಒಂದಾ ಎರಡಾ? ಒಬ್ಬ ಗುಮಾಸ್ತ ಒಂದು ಥರ, ಇನ್ನೊಬ್ಬ ಇನ್ನೊಂದು ಥರ. ಕನ್ನಡದಲ್ಲಿ ಓದಿದರೆ ಒಂದೇ ಹೆಸರು, ಊರಲ್ಲಿ ಕೂಗಿದರೆ ಒಬ್ಬನೇ ಮನುಷ್ಯ. ಯಂತ್ರಕ್ಕೆ ಇಬ್ಬರು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ರಾಜ್ಯದಲ್ಲಿ ಜೋರಾಗಿ ನಡೆಯಿತು. ಕೆಲಸ ಒಳ್ಳೆಯದೇ, ಬೇರೆಯವರ ಜಮೀನು ಕಬಳಿಸೋರಿಗೆ ಕಡಿವಾಣ ಬೀಳುತ್ತೆ. ಆದರೆ ತಾಳೆ ನೋಡೋದು ಇಂಗ್ಲಿಷ್ ಅಕ್ಷರ ಎಣಿಸಿಕೊಂಡಾ? ನಲವತ್ತು ವರ್ಷ ಅದೇ ಹೊಲ ಉತ್ತವನು, ಒಂದು ಎಚ್ ಹೆಚ್ಚಾಯಿತು ಅಂತ, ನಾನೇ ಆ ಸಿದ್ದಪ್ಪ ಅಂತ ನೋಟರಿ ಮುಂದೆ ಪ್ರಮಾಣ ಮಾಡಬೇಕಾ? ಅಫಿಡವಿಟ್ಟಿಗೆ ದುಡ್ಡು, ಸೈಬರ್ ಸೆಂಟರಿಗೆ ದುಡ್ಡು, ತಾಲ್ಲೂಕಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ. ಯಾರೋ ಎಸಿ ರೂಮಿನಲ್ಲಿ ಕೂತು ಮಾಡಿದ ಡಬ್ಬಿಯ ಖರ್ಚು ಇದು.

ಸೈಬರ್ ಸೆಂಟರಿನ ಹುಡುಗರಿಗೆ ಎಲ್ಲ ದಾರಿಯೂ ಗೊತ್ತು. "ಸರ್‌ನೇಮ್ ಇಲ್ವಾ? ಹೆಸರನ್ನೇ ಎರಡು ಸಲ ಹಾಕ್ತೀನಿ ಬಿಡಿ" ಅಂತಾರೆ. ಇಲ್ಲದಿದ್ದರೆ ಇನಿಶಿಯಲ್ಲನ್ನೇ ಎರಡು ಸಲ ಒತ್ತುತ್ತಾರೆ, ಇಲ್ಲ ಗಂಡನ ಹೆಸರು ತುರುಕುತ್ತಾರೆ. ಆ ಹೊತ್ತಿಗೆ ಅರ್ಜಿ ಮುಂದಕ್ಕೆ ಹೋಗುತ್ತೆ. ಅವರನ್ನ ಬೈಯಲ್ಲ, ಹಿಂದೆ ಸಾಲು ನಿಂತಿರುತ್ತೆ, ಅವರೇನು ಮಾಡಬೇಕು? ಆದರೆ ಆ ಹುಸಿ ಸರ್‌ನೇಮ್ ಅಲ್ಲಿಗೇ ನಿಲ್ಲಲ್ಲ. ಸ್ಕಾಲರ್‌ಶಿಪ್ಪಿಗೆ ಹೋಗುತ್ತೆ, ಬ್ಯಾಂಕಿಗೆ ಹೋಗುತ್ತೆ, ಪಿಎಫ್‌ಗೆ ಹೋಗುತ್ತೆ, ಹತ್ತು ವರ್ಷ ಆದಮೇಲೆ ದುಡ್ಡು ತೆಗೆಯೋಕೆ ಹೋದಾಗ ಎದ್ದು ನಿಲ್ಲುತ್ತೆ. ಪಿಎಫ್‌ನವರು 2025ರ ಜನವರಿಯಲ್ಲಿ ಒಂದು ಸಡಿಲಿಕೆ ಕೊಟ್ಟರು, 2017ರ ಅಕ್ಟೋಬರ್ 1ರ ನಂತರ ಆಧಾರ್ ದೃಢೀಕರಣದೊಂದಿಗೆ ಯುಎಎನ್, ಅಂದರೆ ಪಿಎಫ್ ಸದಸ್ಯರ ನಂಬರ್, ಪಡೆದವರು ಹೆಸರನ್ನ ತಾವೇ ತಿದ್ದಿಕೊಳ್ಳಬಹುದು ಅಂತ. ಅದಕ್ಕಿಂತ ಹಿಂದೆ ಯುಎಎನ್ ಪಡೆದವರು ಕಂಪನಿ ಬಾಗಿಲಿಗೇ ಹೋಗಬೇಕಿತ್ತು. ಆ ಕಂಪನಿ ಮುಚ್ಚಿದ್ದರೆ ಇನ್ನೊಂದು ಅಲೆದಾಟ.

ಈಗ ನಾನು ಇದನ್ನ ಬರೆಯೋಕೆ ಕೂತ ಕಾರಣ. ಅಪ್ಪನ ಹೆಸರಲ್ಲಿ ಒಂದು ವಿಮೆ ಇತ್ತು, ನಾಮಿನಿ ಅಮ್ಮ. ಬಾಂಡಿನಲ್ಲಿ ಅಮ್ಮನ ಹೆಸರಿನ ಮುಂದೆ ಅಪ್ಪನ ಇನಿಶಿಯಲ್ ಇದೆ. ಆಧಾರ್‌ನಲ್ಲಿ ಬರೀ ಹೆಸರು. ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ ಹಿಂದೆ ಇದೆ. ಮೂರೂ ಅಮ್ಮನೇ, ಮೂರರಲ್ಲೂ ಅದೇ ಫೋಟೋ, ಅದೇ ವಿಳಾಸ. ಕ್ಲೇಮು ಆನ್‌ಲೈನಿನಲ್ಲೇ ಹಾಕಬೇಕು ಅಂದರು. ಓಟಿಪಿ ನೋಂದಾಯಿತ ನಂಬರಿಗೆ ಹೋಗುತ್ತೆ. ನೋಂದಾಯಿತ ನಂಬರ್ ಯಾರದ್ದು? ತೀರಿಕೊಂಡವರದ್ದು. ಸಾವಿನ ಕ್ಲೇಮಿಗೆ ಸತ್ತವರ ಫೋನಿಗೆ ಓಟಿಪಿ ಕಳಿಸುವ ವ್ಯವಸ್ಥೆಯನ್ನ ಒಬ್ಬ ಮನುಷ್ಯ ಕೂತು ಪರೀಕ್ಷೆ ಮಾಡಿ, ಚೆನ್ನಾಗಿದೆ ಅಂತ ಒಪ್ಪಿ ಸಹಿ ಹಾಕಿದ್ದಾನಲ್ಲ, ಅವನನ್ನ ನಾನು ಒಮ್ಮೆ ನೋಡಬೇಕು. ಆ ಸಿಮ್ ಉಳಿಸಿಕೊಂಡಿದ್ದರಿಂದ ಅದೊಂದು ದಾಟಿತು. ಆಮೇಲೆ ಲಾಸ್ಟ್ ನೇಮ್ ಕಡ್ಡಾಯ. ಅಮ್ಮನಿಗೆ ಇಲ್ಲದ ಲಾಸ್ಟ್ ನೇಮನ್ನ ಎಲ್ಲಿಂದ ತರಲಿ? ಇನಿಶಿಯಲ್ ಬಿಡಿಸಿ ಹಾಕಿದ್ದಕ್ಕೆ ಸ್ವಲ್ಪ ದಿನ ಬಿಟ್ಟು ಬಂದಿದ್ದು ಎರಡು ಪದ: "ನೇಮ್ ಮಿಸ್‌ಮ್ಯಾಚ್". ಯಾವ ಹೆಸರು, ಯಾವ ದಾಖಲೆ, ಏನು ತಂದರೆ ಸರಿಹೋಗುತ್ತೆ, ಒಂದಕ್ಷರ ಇಲ್ಲ.

ಬ್ರಾಂಚಿಗೆ ಅಮ್ಮನನ್ನೇ ಕರೆದುಕೊಂಡು ಹೋದೆ. ಅಲ್ಲಿನ ಅಧಿಕಾರಿ ಅಮ್ಮನ ಮುಖ ನೋಡಿದರು, ಆಧಾರ್ ನೋಡಿದರು, ಬಾಂಡ್ ನೋಡಿದರು. ಅವರಿಗೆ ಯಾವ ಅನುಮಾನವೂ ಇರಲಿಲ್ಲ. "ನನಗೆ ಗೊತ್ತಾಗುತ್ತೆ ಸಾರ್, ಇವರೇ ಅಂತ. ಆದರೆ ಸಿಸ್ಟಮ್ ತಗೊಳ್ತಿಲ್ಲ" ಅಂದರು.

ಸಿಸ್ಟಮ್ ತಗೊಳ್ತಿಲ್ಲ. ಈ ಮಾತು ಕೇಳಿದರೆ ನನಗೆ ಈಗ ಮೈ ಉರಿಯುತ್ತೆ. ಹಿಂದೆ ಗುಮಾಸ್ತನ ಮುಂದೆ ನಿಂತು ವಾದ ಮಾಡಬಹುದಿತ್ತು, ಮೇಲಿನವರನ್ನ ಕರೆಸಬಹುದಿತ್ತು, ಪಕ್ಕದ ಮನೆಯವರನ್ನ ಸಾಕ್ಷಿಗೆ ನಿಲ್ಲಿಸಬಹುದಿತ್ತು. ಲಂಚ ಇತ್ತು, ಅಸಡ್ಡೆ ಇತ್ತು, ಒಪ್ಪಿಕೊಳ್ತೀನಿ. ಆದರೆ ಎದುರಿಗೆ ಒಬ್ಬ ಮನುಷ್ಯ ಇದ್ದ, ಅವನು ಒಪ್ಪಿದರೆ ಕೆಲಸ ಆಗುತ್ತಿತ್ತು. ಈಗ ಎದುರಿಗೆ ಕೂತವರು ಒಪ್ಪುತ್ತಾರೆ, ಆದರೂ ಆಗಲ್ಲ. ಒಪ್ಪುವ ಅಧಿಕಾರವನ್ನ ಅವರಿಂದ ಕಿತ್ತುಕೊಂಡು ಒಂದು ಡಬ್ಬಿಗೆ ಕೊಟ್ಟಿದ್ದಾರೆ.

ಕನ್ನಡಿಗರು ಹೊರದೇಶಕ್ಕೆ ಹೋದರೂ ಇದು ಬೆನ್ನು ಬಿಡಲ್ಲ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂತು. ಗಲಾಟೆಯಾದ ಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಸಾಕು ಅಂತ ಸಡಿಲಿಸಿತು. ಅಮೆರಿಕದ ವೀಸಾದಲ್ಲಿ ಗಿವನ್ ನೇಮ್ ಜಾಗ ಖಾಲಿ ಇರುವವರಿಗೆ ಎಫ್‌ಎನ್‌ಯು ಅಂತ ಹಾಕ್ತಾರೆ, ಫಸ್ಟ್ ನೇಮ್ ಅನ್‌ನೋನ್. ಅಪ್ಪ ಅಮ್ಮ ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಕರೆದ ಹೆಸರು ಇದೆ, ಅದು "ಗೊತ್ತಿಲ್ಲ" ಅಂತ ದಾಖಲಾಗುತ್ತೆ. ಅಲ್ಲಿನ ಡ್ರೈವಿಂಗ್ ಲೈಸೆನ್ಸಿಗೂ ಅದೇ ಹೋಗಿ ಅಂಟಿಕೊಂಡವರಿದ್ದಾರೆ.

ಯಾರಾದರೂ "ಟೆಕ್ನಿಕಲ್ಲಾಗಿ ಬೇರೆ ದಾರಿ ಇಲ್ಲ" ಅಂದರೆ ನಂಬಬೇಡಿ. ಜಗತ್ತಿನ ಎಲ್ಲ ಪಾಸ್‌ಪೋರ್ಟುಗಳಿಗೆ ನಿಯಮ ಮಾಡುವ ಐಸಿಎಒ ಸಂಸ್ಥೆಯ ಮಾನದಂಡದಲ್ಲಿ, ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ ಒಟ್ಟು 39 ಅಕ್ಷರಗಳ ಜಾಗ ಇದೆ, ಒಂದೇ ಹೆಸರಿದ್ದರೂ ಅದು ಒಪ್ಪುತ್ತೆ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ, ನಿಜವಾಗಿ ಬೇಕಾಗದಿದ್ದರೆ ಹೆಸರನ್ನ ತುಂಡು ಮಾಡಬೇಡಿ, ಪೂರ್ತಿ ಹೆಸರಿಗೆ ಒಂದೇ ಜಾಗ ಕೊಡಿ ಅಂತ ಬಹಳ ಹಿಂದೆಯೇ ಹೇಳಿದೆ. ನಮ್ಮ ಸರ್ಕಾರಕ್ಕೂ ಮನಸ್ಸು ಬಂದರೆ ಫಾರ್ಮು ಬದಲಾಗುತ್ತೆ: ಪ್ಯಾನ್ ಅರ್ಜಿಯಲ್ಲಿ ಅಪ್ಪನ ಹೆಸರು ಕಡ್ಡಾಯ ಇತ್ತು, 2018ರ ಡಿಸೆಂಬರ್‌ನಿಂದ, ಒಬ್ಬಂಟಿ ತಾಯಿ ಸಾಕಿದ ಮಕ್ಕಳಿಗೆ ಆ ಕಡ್ಡಾಯ ತೆಗೆದರು. ಯಾವ ಸರ್ವರೂ ಬಿದ್ದುಹೋಗಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದ ಇದೆ, ಕನ್ನಡದ ಹೆಸರನ್ನ ಕನ್ನಡದಲ್ಲೇ ಇಟ್ಟುಕೊಳ್ಳೋಕೂ ತಾಳೆ ನೋಡೋಕೂ ಅಡ್ಡಿ ಏನೂ ಇಲ್ಲ.

ಇಂಥ ಸಾಫ್ಟ್‌ವೇರ್ ಎಷ್ಟೋ ತಯಾರಾಗೋದು ಬೆಂಗಳೂರಿನಲ್ಲಿ. ಬರೆಯುವವರಲ್ಲಿ ನಮ್ಮವರೇ ಬೇಕಾದಷ್ಟು ಜನ ಇದ್ದೀರಿ. ನಿಮ್ಮ ಸ್ವಂತ ಅಪ್ಪ ಅಮ್ಮನ ಹೆಸರು ನೀವೇ ಮಾಡಿದ ಫಾರ್ಮಿನಲ್ಲಿ ಹಿಡಿಸಲ್ಲ ಅಂತ ನಿಮಗೆ ಗೊತ್ತು. ಮೀಟಿಂಗಿನಲ್ಲಿ ಒಬ್ಬರು ಬಾಯಿ ಬಿಟ್ಟು ಹೇಳಿ. ಲಾಸ್ಟ್ ನೇಮ್ ಕಡ್ಡಾಯ ತೆಗೆಯಿರಿ. ಒಂದಕ್ಷರ ಒಪ್ಪಿಕೊಳ್ಳಿ, ಚುಕ್ಕಿ ಒಪ್ಪಿಕೊಳ್ಳಿ. ನಿಮ್ಮನ್ನ ಏನಂತ ಕರೆಯಬೇಕು ಅಂತ ಬೇರೆಯಾಗಿ ಕೇಳಿ. ತಪ್ಪಿದ್ದರೆ ಎಲ್ಲ ತಪ್ಪನ್ನೂ ಒಟ್ಟಿಗೆ ತೋರಿಸಿ, ತುಂಬಿದ್ದನ್ನ ಅಳಿಸಬೇಡಿ. ಎರಡು ದಾಖಲೆ ತಾಳೆಯಾಗದಿದ್ದರೆ ಯಾವುದು, ಎಲ್ಲಿ ಅಂತ ಬರೆಯಿರಿ, ಮತ್ತು ಎದುರಿಗೆ ಮನುಷ್ಯರನ್ನ ನೋಡಿದ ಅಧಿಕಾರಿಗೆ ಅದನ್ನ ಒಪ್ಪುವ ಒಂದು ಬಟನ್ ಕೊಡಿ, ಅವರ ಹೆಸರಲ್ಲೇ ದಾಖಲಾಗಲಿ.

ನಾನು ಈ ವಾರ ಮತ್ತೆ ಆ ಬ್ರಾಂಚಿಗೆ ಹೋಗ್ತೀನಿ. ಇನ್ನೊಂದು ಅಫಿಡವಿಟ್ ಮಾಡಿಸಲ್ಲ. "ಸಿಸ್ಟಮ್ ತಗೊಳ್ತಿಲ್ಲ" ಅನ್ನೋದನ್ನೇ ಬರವಣಿಗೆಯಲ್ಲಿ, ಸಹಿ ಸೀಲು ಹಾಕಿ ಕೊಡಿ ಅಂತ ಕೇಳ್ತೀನಿ. ಕೊಡದಿದ್ದರೆ ನಾನೇ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ತೀನಿ, ಒಂದು ತಿಂಗಳು ಕಾದು ವಿಮೆಯ ದೂರು ವಿಚಾರಿಸುವ ಓಂಬುಡ್ಸ್‌ಮನ್ ಮುಂದೆ ಅಮ್ಮನನ್ನ ಕೂರಿಸ್ತೀನಿ. ಅಲ್ಲಿನ ಅರ್ಜಿಯಲ್ಲಿ ಅಮ್ಮನ ಹೆಸರನ್ನ ಬಾಂಡಿನಲ್ಲಿ ಇರೋ ಹಾಗೇ ಬರೀತೀನಿ, ಚುಕ್ಕಿ ಸಮೇತ.