ಹಬ್ಬದ ಉಡುಗೊರೆ ಒಲೆ ಮೇಲೆ ಏರಲಿ

ದೀಪಾವಳಿ ಬಂತು ಅಂದರೆ ಅಂಗಡಿ ಮುಂದೆಲ್ಲ ಡ್ರೈಫ್ರೂಟ್ಸ್ ಡಬ್ಬಗಳ ಸಾಲು. ಮೇಲೆ ಮಿಂಚುವ ಕಾಗದ, ಒಳಗೆ ನಾಲ್ಕು ಖಾನೆ, ಒಂದೊಂದರಲ್ಲೂ ಒಂದೊಂದು ಹಿಡಿ ಬಾದಾಮಿ, ಗೋಡಂಬಿ, ದ್ರಾಕ್ಷಿ. ಅಡುಗೆ ಅಂದರೆ ಪ್ರಾಣ ಅನ್ನುವವರಿಗೂ ಇದನ್ನೇ ಕೊಡುತ್ತೇವೆ, ಅಡುಗೆಮನೆಗೆ ಕಾಲೇ ಇಡದವರಿಗೂ ಇದನ್ನೇ ಕೊಡುತ್ತೇವೆ. ನನಗೆ ಇದು ನಿಜಕ್ಕೂ ಬೇಸರ ತರಿಸುವ ಸಂಗತಿ. ಎಲ್ಲರ ಮನೆಯಲ್ಲೂ ಅಡುಗೆಯನ್ನು ಪ್ರೀತಿಯಿಂದ ಮಾಡುವ ಒಬ್ಬರಾದರೂ ಇರುತ್ತಾರೆ. ಅತ್ತಿಗೆ ಇರಬಹುದು, ಸೋದರಮಾವ ಇರಬಹುದು, ಪಿಜಿ ಬಿಟ್ಟು ರೂಮು ಮಾಡಿಕೊಂಡು ಈಗಷ್ಟೇ ಸಾರು ಮಾಡಲು ಕಲಿತ ತಮ್ಮ ಇರಬಹುದು. ಅವರಿಗೆ ಏನು ಬೇಕು ಅಂತ ಒಂದು ಕ್ಷಣ ಯೋಚಿಸಿದರೆ, ಐನೂರು ರೂಪಾಯಿ ಒಳಗೇ ಎಷ್ಟೊಂದು ಇದೆ!

ನಾನು ಒಂದೇ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಕೊಟ್ಟ ಉಡುಗೊರೆ ಒಂದು ವಾರದೊಳಗೆ ಅವರ ಒಲೆ ಮೇಲೆ ಏರಬೇಕು, ಇಲ್ಲವೇ ಒಗ್ಗರಣೆಗೆ ಬೀಳಬೇಕು. ಶೋಕೇಸಿಗೆ ಹೋಗುವುದಾದರೆ ಬೇಡ.

ನನ್ನ ಲೆಕ್ಕದಲ್ಲಿ ಮೊದಲು ಬರುವುದು ಅಂಗಡಿಯ ವಸ್ತುವೇ ಅಲ್ಲ, ಕಲಾಯಿ, ಅಂದರೆ ಪಾತ್ರೆಯ ಒಳಮೈಗೆ ಹಾಕಿಸುವ ತವರದ ಲೇಪ. ಹಳೇ ಮನೆಗಳ ಅಟ್ಟದ ಮೇಲೆ ಹಿತ್ತಾಳೆ ತಪ್ಪಲೆ, ಪಾತ್ರೆ ಬೋರಲು ಬಿದ್ದಿರುತ್ತವೆ. ಅಜ್ಜಿ ಕಾಲದವು. ಕಲಾಯಿ ಹೋಗಿದೆ ಅಂತ ಯಾರೂ ಮುಟ್ಟುವುದಿಲ್ಲ. ಮುಟ್ಟದಿರುವುದು ಸರಿಯೇ. ಕಲಾಯಿ ಇಲ್ಲದ ಹಿತ್ತಾಳೆಗೆ ಹುಣಸೆಹಣ್ಣಿನ ರಸವನ್ನೋ ಮಜ್ಜಿಗೆಯನ್ನೋ ಹಾಕಿದರೆ ಹುಳಿಗೆ ಲೋಹ ಬಿಟ್ಟುಕೊಂಡು ಕಿಲುಬಾಗುತ್ತದೆ. ಆ ಅಡುಗೆ ತಿನ್ನಬಾರದು. ಹಾಗಂತ ಅಂಥ ದಪ್ಪ ತಳದ ಪಾತ್ರೆಯನ್ನು ಗುಜರಿಗೆ ಹಾಕುವುದೂ ಅನ್ಯಾಯ ಅಲ್ವಾ? ಅತ್ತೆಯನ್ನೋ ಅಮ್ಮನನ್ನೋ ಕೇಳಿ ಒಂದು ಪಾತ್ರೆ ಇಳಿಸಿಕೊಳ್ಳಿ. ಕಲಾಯಿ ಹಾಕಿಸಿ, ತೊಳೆದು ತಂದುಕೊಡಿ. ಹೊಸ ಹಿತ್ತಾಳೆ ಪಾತ್ರೆ ಕೊಳ್ಳುವ ದುಡ್ಡಿನಲ್ಲಿ ಸಣ್ಣದೊಂದು ಪಾಲು ಮಾತ್ರ ಖರ್ಚಾಗುತ್ತದೆ.

ಆ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿ. ಮೊದಲು ಪಾತ್ರೆಯ ಒಳಗೆ ಚೆನ್ನಾಗಿ ಉಜ್ಜಿ ಹಳೇ ಕಪ್ಪು ತೆಗೆಯುತ್ತಾರೆ. ಇದ್ದಿಲ ಕೆಂಡದ ಮೇಲಿಟ್ಟು ಕಾಯಿಸುತ್ತಾರೆ. ಮೊದಲೆಲ್ಲ ತಿದಿ ಒತ್ತುತ್ತಿದ್ದರು, ಈಗ ಬ್ಲೋವರ್ ಬಂದಿದೆ. ಪಾತ್ರೆ ಹದವಾಗಿ ಕಾದಾಗ ನವಸಾಗರದ ಪುಡಿ ಉದುರಿಸುತ್ತಾರೆ. ಗಪ್ಪನೆ ಬಿಳಿ ಹೊಗೆ ಏಳುತ್ತದೆ. ಲೋಹದ ಮೈ ಶುದ್ಧವಾಗಿ ತವರ ಹಿಡಿದುಕೊಳ್ಳುವುದು ಈ ನವಸಾಗರದಿಂದಲೇ. ಆಮೇಲೆ ತವರದ ಕಡ್ಡಿ ತಾಗಿಸಿದರೆ ಕಾದ ಬಾಣಲೆಗೆ ಬಿದ್ದ ಬೆಣ್ಣೆಯ ಹಾಗೆ ಕರಗುತ್ತದೆ. ಅರಳೆಯ ಉಂಡೆಯಲ್ಲಿ ಸರಸರ ಒರೆಸಿದ ಕಡೆಯೆಲ್ಲ ಬೆಳ್ಳಗೆ ಹೊಳಪು ಬರುತ್ತದೆ. ಕೊನೆಗೆ ನೀರಿಗೆ ಅದ್ದಿದರೆ ಚುಂಯ್ ಅನ್ನುತ್ತದೆ. ಒಂದು ಪಾತ್ರೆಗೆ ಬಹಳ ಹೊತ್ತೇನೂ ಬೇಡ, ಆದರೆ ಆ ಕೈಚಳಕ ಎಲ್ಲರಿಗೂ ಬರುವಂಥದ್ದಲ್ಲ. ಹಾಕಿಸುವ ಮುಂಚೆ ಒಂದು ಮಾತು ಕೇಳಿ, ಶುದ್ಧ ತವರವೇ ಬೇಕು, ಸೀಸ ಬೆರೆಸಿದ್ದು ಬೇಡ ಅಂತ. ಪಾತ್ರೆ ಜೊತೆ ಒಂದು ಚೀಟಿಯನ್ನೂ ಬರೆದಿಡಿ: ತವರ 232 ಡಿಗ್ರಿಗೇ ಕರಗುತ್ತದೆ, ಖಾಲಿ ಪಾತ್ರೆ ಒಲೆ ಮೇಲೆ ಬಿಡಬೇಡಿ, ಇದರಲ್ಲಿ ಒಣದಾಗಿ ಹುರಿಯಬೇಡಿ, ತಂತಿ ನಾರು ಹಾಕಿ ಉಜ್ಜಬೇಡಿ, ಮರದ ಸೌಟು ಬಳಸಿ. ಆ ಮರದ ಸೌಟೂ ನೀವೇ ಕೊಟ್ಟರೆ ಇನ್ನೂ ಒಳ್ಳೆಯದು.

ಇದೇ ಜಾತಿಯ ಇನ್ನೊಂದು ಉಡುಗೊರೆ ಕಬ್ಬಿಣದ ದೋಸೆ ಕಾವಲಿ. ನಿಮ್ಮೂರಲ್ಲಿ ಹಂಚು ಅನ್ನಬಹುದು. ಬೆಂಗಳೂರಲ್ಲಾದರೆ ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ ಸುತ್ತಮುತ್ತ, ಬೇರೆ ಕಡೆ ಸಂತೆಯಲ್ಲಿ ನೋಡಿ. ನಾನ್‌ಸ್ಟಿಕ್ ಸೆಟ್ಟಿಗೆ ಹೋಲಿಸಿದರೆ ರೇಟು ಕಡಿಮೆ, ಮೊಮ್ಮಕ್ಕಳ ಕಾಲದವರೆಗೂ ಬರುತ್ತದೆ. ಆದರೆ ಹೊಸ ಕಾವಲಿಯನ್ನು ಹಾಗೇ ಕೊಡಬೇಡಿ, ದಯವಿಟ್ಟು. ಅದರಲ್ಲಿ ಮೊದಲ ದೋಸೆ ಏಳುವುದೇ ಇಲ್ಲ. ಜನ ಎರಡು ಸಲ ಕೆರೆದು, ಸಾಕಾಗಿ, ಮೂಲೆಗಿಡುತ್ತಾರೆ. ನೀವೇ ಪಳಗಿಸಿ ಕೊಡಿ. ಸೋಪು ಹಾಕಿ ಉಜ್ಜಿ ಎಣ್ಣೆ ಜಿಡ್ಡು ತೆಗೆಯಿರಿ. ಅಕ್ಕಿ ತೊಳೆದ ನೀರಿನಲ್ಲಿ ನೆನೆಹಾಕಿ, ಮತ್ತೆ ತೊಳೆದು, ಪೂರ್ತಿ ಒಣಗಿಸಿ. ಆಮೇಲೆ ತೆಳ್ಳಗೆ ಎಣ್ಣೆ ಸವರಿ ಹೊಗೆಯಾಡುವವರೆಗೆ ಕಾಯಿಸಿ, ಅರ್ಧ ಈರುಳ್ಳಿಯಿಂದ ತಿಕ್ಕಿ, ಆರಲು ಬಿಡಿ. ಮತ್ತೆ ಎಣ್ಣೆ, ಮತ್ತೆ ಕಾವು. ಕೆಲವು ದಿನ ಹೀಗೆ ಮಾಡಿದರೆ ಬೂದು ಬಣ್ಣ ಹೋಗಿ ಕಪ್ಪಗೆ ನುಣುಪಾಗುತ್ತದೆ. ಒಂದೆರಡು ದೋಸೆ ಹೊಯ್ದು, ಎದ್ದು ಬರುತ್ತದೆ ಅಂತ ಖಾತ್ರಿ ಮಾಡಿಕೊಂಡೇ ಕೊಡಿ. ದುಡ್ಡು ಎಷ್ಟೇ ಇರಲಿ, ಪಳಗಿಸಲು ಬೇಕಾದ ತಾಳ್ಮೆ ಅಂಗಡಿಯಲ್ಲಿ ಸಿಗುವುದಿಲ್ಲ. ಬೀಡುಕಬ್ಬಿಣದ ಪಡ್ಡಿನ ಹಂಚಿಗೂ ಇದೇ ಮಾತು.

ಚಾಕು, ಈಳಿಗೆಮಣೆಗೆ ಸಾಣೆ ಹಿಡಿಸಿಕೊಡುವುದು ಇನ್ನೂ ಸುಲಭ, ಇನ್ನೂ ಅಗ್ಗ. ಮೊಂಡು ಚಾಕುವಿನಲ್ಲಿ ದಿನಾ ಟೊಮೆಟೊ ಜಜ್ಜುತ್ತಿರುವವರಿಗೆ ಇದರ ಬೆಲೆ ಗೊತ್ತು.

ಇನ್ನು ತಿನ್ನುವ ಪದಾರ್ಥ. ಒಳ್ಳೆಯ ಸಾಮಾನು ಕಂಡರೆ ಅಡುಗೆ ಮಾಡುವವರ ಕಣ್ಣು ಅರಳುತ್ತದೆ. ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಹಾವೇರಿ ಜಿಲ್ಲೆಯ ಆ ಊರಿನ ಹೆಸರಿನ ಕಾಯಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಡಬ್ಬಿ ಅಂತ ಒಂದು, ಕಡ್ಡಿ ಅಂತ ಒಂದು. ಡಬ್ಬಿ ಗಿಡ್ಡ, ದುಂಡಗೆ, ಮೈತುಂಬ ಸುಕ್ಕು. ಕಡ್ಡಿ ಉದ್ದ, ತೆಳ್ಳಗೆ. ಎರಡಕ್ಕೂ ಖಾರ ಕಡಿಮೆ, ಬಣ್ಣ ಮಾತ್ರ ಕಡುಕೆಂಪು. ಹುಳಿಪುಡಿಗೂ ಬಿಸಿಬೇಳೆ ಬಾತಿಗೂ ಆ ರಂಗು ಬರುವುದು ಇದರಿಂದಲೇ. ಒಂದು ವಿಷಯ ನೆನಪಿರಲಿ. ಹೊಸ ಬೆಳೆ ಮಾರುಕಟ್ಟೆಗೆ ಬರುವುದು ಜನವರಿಯಿಂದ ಈಚೆಗೆ. ದೀಪಾವಳಿ ಹೊತ್ತಿಗೆ ಸಿಗುವುದು ಕಳೆದ ಬೆಳೆಯ, ಕೋಲ್ಡ್ ಸ್ಟೋರೇಜಿನ ಮಾಲು. ಅದೇನೂ ಕೆಟ್ಟದ್ದಲ್ಲ, ಆದರೆ ನೋಡಿ ಕೊಳ್ಳಿ. ಬಣ್ಣ ಮಾಸಿರಬಾರದು, ಬಿಳಿ ಮಚ್ಚೆ ಇರಬಾರದು, ಮುಗ್ಗಲು ವಾಸನೆ ಇರಬಾರದು. ಕಾಲು ಕೆಜಿ ಸಾಕು. ಸಂಕ್ರಾಂತಿ, ಯುಗಾದಿಗೆ ಕೊಡುವುದಾದರೆ ಹೊಸ ಕಾಯಿಯೇ ಸಿಗುತ್ತದೆ.

ಹೀಗೆ ಕಾಲಕ್ಕೆ ತಕ್ಕ ಹಾಗೆ ಆರಿಸಿದರೆ ಚೆಂದ. ದೀಪಾವಳಿಗೆ ಮಲೆನಾಡಿನ, ಕೊಡಗಿನ ಹೊಸ ಏಲಕ್ಕಿ ಬಂದಿರುತ್ತದೆ. ಐವತ್ತು ಗ್ರಾಂ ಕೊಟ್ಟರೂ ಡಬ್ಬಿ ತೆಗೆದಾಗೆಲ್ಲ ಘಮ ಅನ್ನುತ್ತದೆ. ಸಂಕ್ರಾಂತಿಗೆ ಒಂದು ಕೆಜಿ ಕಲಬುರಗಿ ತೊಗರಿಬೇಳೆ ಕೊಡಿ, ಅದಕ್ಕೂ 2019ರಲ್ಲಿ ಜಿಐ ಮಾನ್ಯತೆ ಬಂದಿದೆ. ಜೊತೆಗೆ ಸಕ್ಕರೆ ಅಚ್ಚಿನ ಒಂದು ಮರದ ಮಣೆ ಸಿಕ್ಕರೆ ಬಿಡಬೇಡಿ. ಶಿರಸಿ ಕಡೆ ಹೋದವರು ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ತನ್ನಿ, ಮಡಿಕೇರಿಗೆ ಹೋದವರು ಸಣ್ಣ ಬಾಟಲಿ ಕಾಚಂಪುಳಿ. ಕಪ್ಪಗೆ, ಗಟ್ಟಿಯಾಗಿ ಇರುವ ಆ ಹುಳಿ ಒಂದೆರಡು ಚಮಚ ಸಾಕು, ವರ್ಷಗಟ್ಟಲೆ ಕೆಡುವುದಿಲ್ಲ. ಹಂದಿ ಮಾಂಸದ ಸಾರಿಗೆ ಮಾತ್ರ ಅಲ್ಲ, ಮೀನಿಗೂ ಚೆನ್ನಾಗಿರುತ್ತದೆ.

ಕೈಯಲ್ಲಿ ದುಡ್ಡೇ ಇಲ್ಲ ಅನ್ನುವವರು ಪುಡಿ ಮಾಡಿ ಕೊಡಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮೆಂತ್ಯದ ಹಿಟ್ಟು, ನಿಮ್ಮ ಮನೆಯ ಸಾರಿನ ಪುಡಿ. ಗಾಜಿನ ಬಾಟಲಿಗೆ ತುಂಬಿ, ಮಾಡಿದ ತಾರೀಕು ಬರೆದು, ಅಳತೆಯನ್ನೂ ಬರೆದುಕೊಡಿ. ಅಳತೆ ಗುಟ್ಟು ಮಾಡಬೇಡಿ. ರೂಮು ಮಾಡಿಕೊಂಡ ಹುಡುಗರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕೊಡಬಾರದ್ದೂ ಇದೆ. ಹೆಂಡತಿ ಹುಟ್ಟುಹಬ್ಬಕ್ಕೆ, ಹಬ್ಬಕ್ಕೆ ಅಂತ ಮಿಕ್ಸಿ ತಂದುಕೊಡುವುದನ್ನು ನಾನು ಉಡುಗೊರೆ ಅಂತ ಒಪ್ಪುವುದಿಲ್ಲ. ಅದು ಮನೆ ಸಾಮಾನು, ಎಲ್ಲರ ಊಟಕ್ಕೂ ಬೇಕಾದದ್ದು. ಅವರಿಗೇ ಏನಾದರೂ ಕೊಡಬೇಕು ಅಂತಿದ್ದರೆ ಹಬ್ಬದ ಮಾರನೆಯ ದಿನ ಅಡುಗೆಮನೆಯನ್ನು ನೀವು ವಹಿಸಿಕೊಳ್ಳಿ. ಪಾತ್ರೆ ತೊಳೆಯುವುದೂ ಸೇರಿ.

ನಮ್ಮ ಮನೆಗೆ ಬಂದು ಅಡುಗೆ ಮಾಡಿಕೊಟ್ಟು ಹೋಗುವವರ ವಿಷಯ ಬೇರೆ. ಅವರಿಗೆ ಕಾವಲಿಯೂ ಬೇಡ, ಏಲಕ್ಕಿಯೂ ಬೇಡ. ದಿನಾ ಇನ್ನೊಬ್ಬರ ಮನೆಯಲ್ಲಿ ಸೌಟು ಹಿಡಿಯುವವರಿಗೆ ಹಬ್ಬಕ್ಕೂ ಪಾತ್ರೆ ಕೊಡುವುದು ಸರಿಯಲ್ಲ. ದುಡ್ಡು ಕೊಡಿ, ಸಂಬಳ ಹಿಡಿಯದೆ ರಜೆ ಕೊಡಿ. ನರಕ ಚತುರ್ದಶಿಯ ಬೆಳಗ್ಗೆ ಅವರ ಮನೆಯಲ್ಲೂ ಎಣ್ಣೆಸ್ನಾನ, ಕಜ್ಜಾಯ ಆಗಬೇಕು. ಆ ಬೋನಸ್ಸನ್ನು ಹಬ್ಬದ ದಿನ ಕೈಗಿಡಬೇಡಿ, ಒಂದು ವಾರ ಮುಂಚೆಯೇ ಕೊಡಿ. ಅಕ್ಕಿ, ಬೆಲ್ಲ, ಎಣ್ಣೆ, ಮಕ್ಕಳ ಬಟ್ಟೆ ಎಲ್ಲ ಕೊಳ್ಳಲು ಅವರಿಗೂ ಸಮಯ ಬೇಕಲ್ವಾ?